ನದಿಗೆ ಬಿಟ್ಟ ಗೆಂಡೆ

ಕ್ರಿಸ್‌ಮಸ್ಸಿಗೆ ಮುಂಚಿನ ನಾಲ್ಕು ದಿನ ನಾನು ಕೊಲೆಗಾರ. ಇದು ನನ್ನ ಮಗಳೇ ಇಟ್ಟ ಹೆಸರು. ಚರ್ಚಿನ ಎದುರಿನ ಚೌಕದಲ್ಲಿ ನೀರು ತುಂಬಿದ ಮೂರು ನೀಲಿ ತೊಟ್ಟಿ, ಅದರ ತುಂಬ ಗೆಂಡೆ ಮೀನು, ಪಕ್ಕದಲ್ಲೊಂದು ಹಲಗೆ, ನನ್ನ ಕೈಯಲ್ಲಿ ಮರದ ಕೊಡತಿ. ನಮ್ಮ ಕಡೆ ಇಪ್ಪತ್ತನಾಲ್ಕರ ಹಬ್ಬದ ರಾತ್ರಿಯೂಟಕ್ಕೆ ಗೆಂಡೆಯೇ ಆಗಬೇಕು, ಜನ ಸಾಲುಗಟ್ಟಿ ನಿಲ್ಲುತ್ತಾರೆ. ಕೊಂದು ಕೊಡಲಾ, ಜೀವಂತ ಬೇಕಾ? ಮೂವತ್ತೊಂದು ವರ್ಷದಿಂದ ಕೇಳುತ್ತಿರುವುದು ಇದೊಂದೇ ಪ್ರಶ್ನೆ. ಕೊಂದು ಕೊಡಿ ಅಂದರೆ ಕಣ್ಣಿನ ಹಿಂದೆ, ನೆತ್ತಿಯ ಮೇಲೆ ಒಂದೇ ಏಟು. ಮೀನಿಗೆ ತಾನು ಸತ್ತದ್ದು ಗೊತ್ತಾಗುವುದಿಲ್ಲ. ಆ ವಿಷಯದಲ್ಲಿ ನನಗೆ ಜಂಬ ಇದೆ, ಯಾಕೆ ಇರಬಾರದು?

ಜೀವಂತ ಒಯ್ಯುವವರು ಅದನ್ನು ಮನೆಯ ಬಾತ್‌ಟಬ್ಬಿನಲ್ಲಿ ಬಿಟ್ಟುಕೊಳ್ಳುತ್ತಾರೆ. ಮಕ್ಕಳು ಹೆಸರಿಡುತ್ತವೆ, ಬ್ರೆಡ್ಡಿನ ಚೂರು ಹಾಕುತ್ತವೆ, ಮೂರು ದಿನ ಮನೆಯಲ್ಲಿ ಯಾರಿಗೂ ಸ್ನಾನವಿಲ್ಲ. ಇಪ್ಪತ್ತನಾಲ್ಕನೇ ತಾರೀಕು ಅಪ್ಪ ಚಾಕು ಹಿಡಿದು ಹೊರಟರೆ ಮಕ್ಕಳು ಬಾಗಿಲಿಗೆ ಅಡ್ಡ ನಿಂತು ರಂಪ ಮಾಡುತ್ತವೆ. ಕೊನೆಗೆ ಅಪ್ಪನ ಮನಸ್ಸು ಕರಗಿ, ಮೀನು ಬಕೆಟ್ಟಿನಲ್ಲಿ ನದಿಗೆ ಹೋಗುತ್ತದೆ. ಈಚೆಗೆ ಅದಕ್ಕೆ ಹಸಿರು ಕ್ರಿಸ್‌ಮಸ್ ಅನ್ನುತ್ತಾರೆ. ನದಿಗೆ ಹೋದ ಮೀನು ಏನಾಯಿತು ಅಂತ ಇದುವರೆಗೆ ಒಬ್ಬರೂ ನನ್ನನ್ನು ಕೇಳಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ಕೊಳದಲ್ಲಿ ಕಾಳು ತಿಂದು ಬೆಳೆದ ಪ್ರಾಣಿ ಅದು. ಅಕ್ಟೋಬರಿನಿಂದ ಉಪವಾಸ ಕೆಡವಿದ್ದೇವೆ. ಕೈಯಿಂದ ಕೈಗೆ ದಾಟಿ ಮೈಮೇಲಿನ ಲೋಳೆ ಉಜ್ಜಿಹೋಗಿದೆ. ಬಾತ್‌ಟಬ್ಬಿನ ಬೆಚ್ಚನೆ ನೀರಿನಿಂದ ಒಮ್ಮೆಲೇ ಡಿಸೆಂಬರಿನ ಹೊಳೆಗೆ ಬಿದ್ದರೆ ಒಂದು ದಿನವೋ ಮೂರು ದಿನವೋ ಒದ್ದಾಡಿ ಸಾಯುತ್ತದೆ.

ಮೂರು ವರ್ಷದ ಹಿಂದೆ ಮಗಳು ಇವೊನಾಳ ಅಡುಗೆಮನೆಯಲ್ಲಿ ನಾನು ಹಬ್ಬದ ಗೆಂಡೆಗೆ ಏಟು ಹಾಕಿದೆ. ಮೊಮ್ಮಗಳು ರೊಜಾಲ್ಕಾ, ಆಗ ನಾಲ್ಕು ವರ್ಷ, ಹಿಂದೆಯೇ ಬಂದು ನಿಂತಿದ್ದಳು. ನಾನು ನೋಡಲಿಲ್ಲ. ಮಗು ಕಿರುಚಿದ್ದು ಇಡೀ ಬೀದಿಗೆ ಕೇಳಿಸಿತು, ವಾರವಿಡೀ ಜ್ವರ. ಅಂದಿನಿಂದ ಇವೊನಾ ಹಬ್ಬದ ರಾತ್ರಿಯೂಟಕ್ಕೆ ನನ್ನನ್ನು ಕರೆಯುವುದನ್ನು ನಿಲ್ಲಿಸಿದಳು. ಅವಳ ಮನೆಯಲ್ಲೀಗ ಹಸಿರು ಕ್ರಿಸ್‌ಮಸ್: ಕಡಿದ ಮರ ಬೇಡ, ಮಿಣಮಿಣ ಕಾಗದ ಬೇಡ, ಮೀನು ಬೇಡ, ಉಡುಗೊರೆಗೆ ಹಳೇ ಪತ್ರಿಕೆ ಸುತ್ತಬೇಕು, ಊಟಕ್ಕೆ ಅಣಬೆ ಹಾಕಿದ ಬಾರ್ಲಿ. ಮಾಡಿಕೊಳ್ಳಲಿ, ನನ್ನದೇನೂ ತಕರಾರಿಲ್ಲ. ಆದರೆ ಹೆಂಡತಿ ಸತ್ತವನು ಎರಡು ಕ್ರಿಸ್‌ಮಸ್ ಒಬ್ಬನೇ ಡಬ್ಬದ ಮೀನು ತಿಂದೆ. ಆ ಮಗುವಿನ ಪಕ್ಕ ಕೂತು ಒಂದು ಊಟ ಮಾಡಬೇಕು ಅಂತ ಜೀವ ಬಾಯಿಬಾಯಿ ಬಿಡುತ್ತಿತ್ತು.

ಈ ವರ್ಷ ಇವೊನಾ ತಾನೇ ಬಂದು ಸಾಲಿನಲ್ಲಿ ನಿಂತಳು.

"ಅಪ್ಪ, ಜೀವ ಇರೋದು ಒಂದು ಕೊಡು."

"ಸೊಪ್ಪು ತಿನ್ನೋರ ಮನೇಗೆ ಮೀನ್ಯಾಕಮ್ಮ?"

"ತಿನ್ನಕ್ಕಲ್ಲ, ಬಿಡಕ್ಕೆ. ರೊಜಾಲ್ಕಾ ನದೀಗೆ ಬಿಡ್ತಾಳಂತೆ. ನೀನೂ ಬಾ. ಆಮೇಲೆ ನಮ್ಮನೇಲೇ ಊಟ. ಮಾರನೇ ದಿನಾನೂ ಇರು."

ನನ್ನ ಕೈಯ ಬಲೆ ಅಲ್ಲೇ ನಿಂತಿತು.

"ಒಂದ್ ಮಾತು ಅಪ್ಪ. ಅವಳ ಮುಂದೆ ಕೊಲ್ಲೋ ಸುದ್ದಿ ಎತ್ತಬೇಡ. ಕೈ ಮಾಡೋದಂತೂ ಬೇಡ್ವೇ ಬೇಡ. ಇನ್ನೊಂದ್ಸಲ ಹಂಗಾದ್ರೆ ನಮ್ಮನೆ ಬಾಗ್ಲು ನಿಂಗೆ ಮುಚ್ಚಿದ ಹಾಗೇ."

"ಏನ್ರೀ ಬೊರಿವೊಯ್, ಸಂಧಾನ ಮುಗೀತಾ?" ಸಾಲಿನ ಹಿಂದಿನ ಹೆಂಗಸು ಕೂಗಿದಳು. "ನಮ್ದೊಂದು ಬೇಗ ಹೊಡ್ದಾಕಿ. ತಲೆ ಎಸೀಬೇಡಿ, ಸೂಪಿಗೆ ಬೇಕು!"

ಆಗಲೇ ಹೇಳಬೇಕಿತ್ತು. ಬಿಟ್ಟರೆ ಸಾಯುತ್ತೆ ಕಣಮ್ಮ ಅಂತ ನಾಲ್ಕು ಮಾತು. ಹೇಳಿದರೆ ಬಿಡುವುದಿಲ್ಲ, ಬಿಡದಿದ್ದರೆ ನನಗೆ ಊಟದ ಕರೆಯೂ ಇಲ್ಲ. ಕೈ ಮಾಡಲ್ಲ ಅಂತ ಮಾತು ಕೊಟ್ಟು, ಉಳಿದದ್ದಕ್ಕೆ ಬಾಯಿ ಮುಚ್ಚಿಕೊಂಡು, ತೊಟ್ಟಿಯಲ್ಲಿದ್ದ ಅತಿ ಗಟ್ಟಿ ಮೀನನ್ನು ಆರಿಸಿಕೊಟ್ಟೆ.

ಇಪ್ಪತ್ತನಾಲ್ಕರ ಮಧ್ಯಾಹ್ನ ಎಲ್ಲರೂ ಲುಜ್ನಿತ್ಸೆ ನದಿಗೆ ಹೋದೆವು. ಅಷ್ಟರಲ್ಲಿ ಮೀನಿಗೆ ಪೆಪಾ ಅಂತ ಹೆಸರಾಗಿತ್ತು. ಅಳಿಯ ಕ್ರಿಷ್ಟೋಫ್ ಫೋನು ಹಿಡಿದು ವಿಡಿಯೋ ತೆಗೆಯುತ್ತಿದ್ದ. ರೊಜಾಲ್ಕಾ ಬಕೆಟ್ಟಿನೊಳಗೆ ಬಗ್ಗಿ ಕೇಳಿದಳು:

"ತಾತ, ಪೆಪಾಗೆ ಚಳಿ ಆಗಲ್ವಾ?"

"ಮೀನಿಗೆಂಥ ಚಳಿ ಪುಟ್ಟಿ."

ಬಕೆಟ್ ಬಗ್ಗಿಸಿದೆವು. ಪೆಪಾ ಒಂದು ಕ್ಷಣ ವಾಲಿಕೊಂಡು ತೇಲಿ, ಆಮೇಲೆ ಹೇಗೋ ನೆಟ್ಟಗಾಗಿ ನೀರಿನಡಿಗೆ ಇಳಿಯಿತು. ಮಗು ಕುಣಿಯಿತು. "ಮಾವ, ಮೂವತ್ ವರ್ಷದ ಪಾಪ ಒಂದೇ ಬಕೆಟ್ಟಲ್ಲಿ ತೊಳ್ಕೊಂಡ್ರಿ ನೋಡಿ!" ಅಂತ ಅಳಿಯ ನಕ್ಕ. ನಾಚಿಕೆಗೆಟ್ಟವನು ನಾನೂ ನಕ್ಕೆ.

ಆ ರಾತ್ರಿ ರೊಜಾಲ್ಕಾ ನನ್ನ ಪಕ್ಕವೇ ಕೂತಳು. ಸೇಬನ್ನು ಅಡ್ಡ ಕೊಯ್ದು ನೋಡಿದರೆ ಎಲ್ಲರ ಸೇಬಿನಲ್ಲೂ ಬೀಜದ ನಕ್ಷತ್ರ. ಹಾಗಿದ್ದರೆ ವರ್ಷವಿಡೀ ಯಾರಿಗೂ ಕಾಯಿಲೆಯಿಲ್ಲ ಅಂತ ನಂಬಿಕೆ. "ಪೆಪಾ ಈಗೇನ್ ಮಾಡ್ತಿರ್ಬೋದು ತಾತ?" ಅಂದಳು. ಹೆಂಡತಿ ಮಕ್ಕಳನ್ನು ಹುಡುಕುತ್ತಿರಬಹುದು ಅಂದೆ. ನನ್ನ ತೋಳಿಗೆ ತಲೆ ಆನಿಸಿ ನಿದ್ದೆ ಹೋದಳು. ಸುಳ್ಳೆಲ್ಲ ದಕ್ಕಿತು ಅಂದುಕೊಂಡೆ. ಅಷ್ಟು ಸುಖ ನನಗೆ ಹೆಂಡತಿ ಹೋದ ಈ ಆರು ವರ್ಷದಲ್ಲಿ ಸಿಕ್ಕಿರಲಿಲ್ಲ.

ಬೆಳಿಗ್ಗೆ ಎದ್ದವಳೇ ಪೆಪಾಗೆ ಬ್ರೆಡ್ಡು ಕೊಟ್ಟು ಬರಬೇಕು ಅಂತ ಹಟ ಹಿಡಿದಳು. ಬೇಡ, ಜಾರುತ್ತೆ, ಗಾಳಿ ಅಂತ ನಾನು ಹೇಳಿನೋಡಿದೆ. ಎಲ್ಲರೂ ಹೊರಟರು.

ಹೆಚ್ಚು ಹುಡುಕಬೇಕಾಗಲಿಲ್ಲ. ನಿನ್ನೆ ಬಿಟ್ಟ ಜಾಗದಿಂದ ನೂರು ಹೆಜ್ಜೆ ಕೆಳಗೆ, ಗೇಣಾಳದ ನೀರಿನಲ್ಲಿ, ಅಂಚಿನ ಮಂಜುಗಡ್ಡೆಗೆ ಒತ್ತಿಕೊಂಡು ಪೆಪಾ ಮಗ್ಗುಲಾಗಿ ಬಿದ್ದಿತ್ತು. ಕಿವಿರು ಇನ್ನೂ ಆಡುತ್ತಿತ್ತು. ಮೇಲಿದ್ದ ಕಣ್ಣನ್ನು ಕಾಗೆ ಕುಕ್ಕಿ ತೆಗೆದಿತ್ತು. ಕಾಗೆ ಅಲ್ಲೇ ಕಲ್ಲಿನ ಮೇಲೆ ಕೂತು ಕಾಯುತ್ತಿತ್ತು.

"ಅಮ್ಮಾ, ಪೆಪಾ ಕಣ್ಣೆಲ್ಲಿ?"

ಇವೊನಾ ಬಿಳಿಚಿಕೊಂಡಳು. "ಅದು ಪ್ರಕೃತಿ, ಪುಟ್ಟಿ. ನಾವು ಅದ್ರಲ್ಲಿ ಕೈ ಹಾಕ್ಬಾರ್ದು. ನಡಿ, ಮನೇಗೋಗೋಣ."

"ಅವನಿಗೆ ನೋಯ್ತಿದೆ." ರೊಜಾಲ್ಕಾ ನನ್ನ ಕೋಟು ಹಿಡಿದು ಎಳೆದಳು. "ತಾತ, ನಿಂಗೆ ಬರತ್ತಲ್ಲ. ನೀನು ಹೊಡೆದ್ರೆ ನೋಯಲ್ವಂತೆ, ನಮ್ ಕ್ಲಾಸಲ್ಲಿ ಎಲ್ರೂ ಹೇಳ್ತಾರೆ. ಹೊಡಿ ತಾತ. ಬೇಗ ಹೊಡಿ!"

"ಅಪ್ಪ," ಅಂದಳು ಇವೊನಾ. ಅಷ್ಟೇ ಅಂದದ್ದು.

ದಡದ ತುಂಬ ಕಲ್ಲು ಬಿದ್ದಿದ್ದವು. ನನಗೆ ಒಂದು ಸಾಕಿತ್ತು. ಆದರೆ ಮುಂದಿನ ಕ್ರಿಸ್‌ಮಸ್, ಅದರಾಚೆಯದು, ಈ ಮಗುವಿನ ಹುಟ್ಟುಹಬ್ಬಗಳು, ಎಲ್ಲವೂ ಕಣ್ಣ ಮುಂದೆ ಬಂದು ನಿಂತವು. ಕೈಗಳನ್ನು ಕೋಟಿನ ಜೇಬಿನಲ್ಲೇ ಇಟ್ಟುಕೊಂಡೆ.

"ಅಮ್ಮ ಹೇಳಿದ್ದು ಸರಿ ಪುಟ್ಟಿ. ತಾನಾಗೇ ಸರಿಹೋಗತ್ತೆ."

ಅವಳು ನನ್ನನ್ನು ನೋಡಿದಳು. ಏಳು ವರ್ಷದ ಮಗು ಯಾರನ್ನೂ ಹಾಗೆ ನೋಡಬಾರದು. ಕೈಗವಸು ಕಿತ್ತೆಸೆದು, ನೀರಿಗಿಳಿದು, ಎರಡೂ ಕೈಯಲ್ಲಿ ಒಂದು ಕಲ್ಲನ್ನೆತ್ತಿದಳು. "ರೊಜಾಲ್ಕಾ, ಬೇಡ!" ಅಂತ ಕ್ರಿಷ್ಟೋಫ್ ಓಡಿದವನು ಮಂಜುಗಡ್ಡೆಯ ಮೇಲೆ ಜಾರಿ ಬಿದ್ದ. ಮೊದಲನೇ ಏಟು ಬೆನ್ನಿಗೆ ಬಿತ್ತು. ಮೀನು ಎಗರಿ ಒದ್ದಾಡಿತು. ಎರಡನೆಯದಕ್ಕೆ ದವಡೆ ಹೋಯಿತು. ಮಗು ಬಿಕ್ಕುತ್ತಾ "ಸಾರಿ ಪೆಪಾ, ಸಾರಿ ಪೆಪಾ" ಅನ್ನುತ್ತಾ ಹೊಡೆಯಿತು. ಇನ್ನೊಂದೆರಡು ಬೆರಳು ಮೇಲಕ್ಕೆ ಅಂತ ನಾನು ಹೇಳಬಹುದಿತ್ತು. ಅದನ್ನೂ ಹೇಳಲಿಲ್ಲ. ಐದನೇ ಏಟಿಗೆ ಮೀನು ಅಲುಗಾಡುವುದು ನಿಂತಿತು.

ಇವೊನಾ ಅವಳನ್ನು ಎತ್ತಿಕೊಂಡು ಶಾಲು ಸುತ್ತಿದಳು. ಅಳುತ್ತಿದ್ದಳು. ಮಗುವಿನ ತಲೆಯ ಮೇಲಿಂದ ನನಗೆ ಹೇಳಿದಳು: "ನೀನು ಕೊಟ್ಟ ಮಾತು ಉಳಿಸ್ಕೊಂಡೆ ಅಪ್ಪ. ಬಾ, ಊಟ ಮಾಡೋಣ."

ಹೋದೆ. ಹೋಗಿ ನನ್ನ ಜಾಗದಲ್ಲಿ ಕೂತೆ. ರೊಜಾಲ್ಕಾ ತನ್ನ ತಟ್ಟೆ ಎತ್ತಿಕೊಂಡು ಮೇಜಿನ ಆ ತುದಿಗೆ ಹೋದಳು.

"ಯಾಕಮ್ಮ, ತಾತನ ಪಕ್ಕ ಕೂರಲ್ವಾ?" ಕ್ರಿಷ್ಟೋಫ್ ಕೇಳಿದ.

"ತಾತಂಗೆ ಬರ್ತಿತ್ತು," ಅಂದಳು ಮಗು.

ಇವೊನಾ ನನ್ನ ತಟ್ಟೆಗೆ ಇನ್ನೊಂದು ಸೌಟು ಆಲೂಗಡ್ಡೆ ಸಲಾಡ್ ಬಡಿಸಿ, ಮುಂದಿನ ವರ್ಷವೂ ನೀನು ಬರಲೇಬೇಕು ಅಪ್ಪ ಅಂದಳು. ಬರುತ್ತೇನೆ ಅಂದೆ.