ಹಲ್ಲುನೋವಿನ ಹೂ

ಸೋಫಾ ಹೊಲಿಯುವ ವರ್ಕ್‌ಶಾಪಿನಲ್ಲಿ ಅವಳನ್ನು ಎಲ್ಲರೂ ಸೂಜಿ ಎಂದೇ ಕರೆಯುತ್ತಿದ್ದರು. ಕೆಲಸವೂ ಸೂಜಿಯದು, ಮಾತೂ ಸೂಜಿಯದೇ. ಅಪ್ಪ ಹುಡುಕಿ ತಂದ ಗಂಡನನ್ನು ಬಿಟ್ಟು ಬಂದು, ಒಂಟಿ ಕೋಣೆ ಹಿಡಿದು ದುಡಿಯತೊಡಗಿದಾಗಿನಿಂದ ಅಪ್ಪ ಅವಳೊಂದಿಗೆ ಮಾತು ಬಿಟ್ಟಿದ್ದ. ಬಸ್ ನಿಲ್ದಾಣದಲ್ಲಿ ಮೈಕ್ ಹಿಡಿದು ಊರೂರಿನ ಹೆಸರು ಕೂಗಿ ನಿವೃತ್ತನಾದ ಮನುಷ್ಯ. ಲೋಕಕ್ಕೆಲ್ಲ ಕೇಳುವ ದನಿ, ಹೆತ್ತ ಮಗಳಿಗೆ ಮಾತ್ರ ಬೀಗ. ಹಟಕ್ಕೂ ಒಂದು ಮಿತಿ ಬೇಡವೇ? ಮಗಳೇನು ಕಡಿಮೆಯವಳಲ್ಲ, ಅವಳೂ ಆ ಮನೆಯ ಹೊಸ್ತಿಲು ತುಳಿಯಲಿಲ್ಲ.

ಈಗ ಅಪ್ಪನ ಬಾಯಿತುಂಬ ಹುಣ್ಣು. ಗಂಟಲಿನ ಗಡ್ಡೆಗೆ ಕೊಟ್ಟ ಚಿಕಿತ್ಸೆ ನಾಲಿಗೆಯನ್ನೂ ಸುಟ್ಟುಹಾಕಿತ್ತು. ಹಚ್ಚಿದ ಮುಲಾಮನ್ನೆಲ್ಲ ಉಗಿಯುತ್ತಿದ್ದ. ಇನ್ನು ಮಾಡುವುದೇನೂ ಇಲ್ಲ, ಇರುವಷ್ಟು ದಿನ ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ ಎಂದು ಡಾಕ್ಟರು ಕಳಿಸಿಬಿಟ್ಟರು. ಅಣ್ಣ ವರ್ಕ್‌ಶಾಪಿಗೇ ಬಂದ.

"ನೀನೇ ಬಾರೇ. ನನ್ನ ಕೈಲೂ ಉಣ್ತಿಲ್ಲ, ನಿಮ್ಮತ್ತಿಗೆ ಕೈಲೂ ಉಣ್ತಿಲ್ಲ."

"ನನ್ನ ಕೈಲಿ ಉಣ್ತಾರಾ? ನನ್ನ ಮುಖಾನೇ ನೋಡಲ್ಲ ಅವರು."

"ಮುಖ ನೋಡದಿದ್ರೆ ಬಿಡು, ಬಾಯಿ ತೆಗೆದ್ರೆ ಸಾಕು."

ಅಳು ಬರಬೇಕಿತ್ತು, ಬರಲಿಲ್ಲ. ಎದೆಯೊಳಗೆ ಸ್ಪಂಜು ತುಂಬಿ ಹೊಲಿದಂತಿತ್ತು, ಗುದ್ದಿದರೂ ಸದ್ದಿಲ್ಲ. ಅವಳು ಎದ್ದು ಹಿತ್ತಲಿಗೆ ಹೋದಳು.

ಅಲ್ಲಿ ನಲ್ಲಿಯ ನೀರು ಹರಿಯುವ ಕಡೆ ಒಂದು ಕಳೆಗಿಡ ಮೊಣಕಾಲೆತ್ತರ ಬೆಳೆದಿತ್ತು. ಹೂವೆಂದರೆ ಎಸಳೇ ಇಲ್ಲದ ಹಳದಿ ಗುಂಡಿ. ಎಳೆ ಸೊಪ್ಪನ್ನು ಬೇಯಿಸಿ ತಿನ್ನುವವರುಂಟು. ಹೂವನ್ನು ಹಸಿಯಾಗಿ ಅಗಿದರೆ ಮಾತ್ರ ನಾಲಿಗೆ ಜುಮ್ಮೆಂದು, ಜೊಲ್ಲು ಸುರಿದು, ಆಮೇಲೆ ಬಾಯಿ ಯಾರದೋ ಎನ್ನುವಷ್ಟು ಮರಗಟ್ಟುತ್ತದೆ. ಹಲ್ಲಿನ ಡಾಕ್ಟರೆಂದರೆ ನಡುಗುವ ವರ್ಕ್‌ಶಾಪಿನ ಮೇಸ್ತ್ರಿ ನೋವು ಬಂದಾಗಲೆಲ್ಲ ಒಂದು ಹೂ ಕಿತ್ತು ದವಡೆಗೆ ಇಟ್ಟುಕೊಳ್ಳುತ್ತಿದ್ದ. ಸೂಜಿ ಕೊಳಕು ನೀರು ತಾಗದ ಕಡೆಯ ಹೂಗಳನ್ನು ಬಿಡಿಸಿಕೊಂಡಳು. ಒಂದಷ್ಟು ಕಡ್ಡಿಗಳನ್ನೂ ಮುರಿದುಕೊಂಡು ಹೋಗಿ, ಅಪ್ಪನ ಕಿಟಕಿಯ ಕೆಳಗೆ ಒಡೆದ ಟಬ್ಬಿನಲ್ಲಿ ಊರಿದಳು. ಮಣ್ಣು ತಾಗಿದ ಗೆಣ್ಣಿಗೆಲ್ಲ ಬೇರು ಬಿಡುವ ಜಾತಿ ಅದು. ಕಿತ್ತಷ್ಟೂ ಹೂ ಬಿಟ್ಟಿತು.

ಮೊದಲ ದಿನ ಅರ್ಧ ಹೂವನ್ನು ತಾನೇ ಅಗಿದು ತೋರಿಸಿ, ಉಳಿದರ್ಧವನ್ನು ಅವನ ನಾಲಿಗೆಯ ಮೇಲಿಟ್ಟಳು. ಅಪ್ಪ ಗೋಡೆ ನೋಡುತ್ತಿದ್ದ. ಜೊಲ್ಲು ಒರೆಸಿ ಗಂಜಿ ಕೊಟ್ಟರೆ ಸಲೀಸಾಗಿ ಇಳಿಯಿತು, ಬಟ್ಟಲು ಖಾಲಿ. ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಕಣ್ಣೊರೆಸಿಕೊಂಡಳು. ಸೂಜಿ ಬಟ್ಟಲು ತೊಳೆದಿಟ್ಟಳು.

ಆದರೆ ನಾಲಿಗೆ ಮರಗಟ್ಟಿದಾಗ ಮಾತು ತೊದಲುತ್ತದೆ. ಜನ್ಮವಿಡೀ ಒಂದೂರಿನ ಹೆಸರನ್ನೂ ತಪ್ಪದ ಮನುಷ್ಯ ಈಗ ತೊದಲುತ್ತಾನೆಯೇ? ತುಟಿ ಬಿಗಿದುಕೊಂಡು ಮಲಗುತ್ತಿದ್ದ. ಜುಮ್ಮು ಇಳಿಯುವ ಹೊತ್ತಿಗೆ ಮತ್ತೆ ಉರಿ. ಉಂಡರೆ ಮಾತಿಲ್ಲ, ಮಾತು ಬೇಕೆಂದರೆ ಊಟವಿಲ್ಲ ಎಂಬಂತಾಯಿತು. ನಿಜ ಹೇಳಬೇಕೆಂದರೆ ಸೂಜಿಗೆ ಅದೇ ನೆಮ್ಮದಿಯಾಗಿತ್ತು. ಸಾಯುವ ಮೊದಲು ಅಪ್ಪ ಒಂದು ಮಾತಾಡಲಿ ಎಂಬುದೊಂದೇ ಅವಳ ಆಸೆ. ಆದರೆ ಆಡುವ ಆ ಮಾತು 'ನನ್ನ ಪಾಲಿಗೆ ನೀನು ಸತ್ತೆ' ಎಂಬ ಹಳೆಯದೇ ಆಗಿದ್ದರೆ? ಅವಳಿಗೆ ಭಯವಿತ್ತು.

ಅತ್ತಿಗೆಗೆ ಇದು ಕಾಣದೇ ಇರಲಿಲ್ಲ. "ಮಾವ ಏನೋ ಹೇಳಕ್ಕೆ ನೋಡ್ತಾರೆ ಕಣೇ. ಅಷ್ಟರಲ್ಲಿ ನೀನು ಹೂ ತುರುಕ್ತೀಯ."

"ಉಣ್ಣೋದು ಮುಖ್ಯ ಅಲ್ವಾ ಅತ್ತಿಗೆ?"

"ಯಾರಿಗೆ?"

ಸೂಜಿ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಹೂ ಹಿಡಿದು ಹೋದಾಗ ಅಪ್ಪ ಅವಳ ಮಣಿಕಟ್ಟು ಹಿಡಿದು ಪಕ್ಕಕ್ಕೆ ಸರಿಸಿದ. ಗಂಜಿಯ ಬಟ್ಟಲಿನ ಕಡೆ ಕಣ್ಣು ತೋರಿಸಿದ. ಒಂದು ಚಮಚ ಕೊಟ್ಟಳು. ನುಂಗುವಾಗ ಮುಖವೆಲ್ಲ ಹಿಂಡಿಹೋಯಿತು, ಕಣ್ಣಲ್ಲಿ ನೀರು ಇಳಿಯಿತು. ಇನ್ನೇನು ಆ ಹಳೆಯ ಮಾತು ಬಂತು, ಅನ್ನಿಸಿಕೊಂಡರಾಯಿತು ಎಂದು ಚಮಚ ಕೆಳಗಿಟ್ಟು ನಿಂತಳು. ಅಪ್ಪ ಗೋಡೆ ಬಿಟ್ಟು ಅವಳನ್ನು ನೋಡಿದ. ದನಿ ಸೀಳಿತ್ತು, ಅಕ್ಷರ ಮಾತ್ರ ಒಂದೂ ತಪ್ಪಲಿಲ್ಲ.

"ಉಪ್ಪೇ ಹಾಕಿಲ್ವಲ್ಲೇ."

"ಉರಿಯುತ್ತೆ ಅಂತ ಹಾಕಿರಲಿಲ್ಲಪ್ಪ."

"ಉರೀಲಿ. ಹಾಕ್ಕೊಂಡು ಬಾ."

ಅಡುಗೆಮನೆಗೆ ಹೋಗಿ ಉಪ್ಪು ಹಾಕಿದಳು. ಆಗಲೂ ಅಳು ಬರಲಿಲ್ಲ, ಎಷ್ಟು ಚಿಟಿಕೆ ಹಾಕಿದೆನೆಂಬ ಲೆಕ್ಕ ಮಾತ್ರ ತಪ್ಪಿತು. ಹೂವಿಲ್ಲದೆಯೇ ಅಪ್ಪ ಚಮಚ ಚಮಚವಾಗಿ ಅಷ್ಟನ್ನೂ ಉಂಡ. ಒಂದೊಂದು ಗುಟುಕಿಗೂ ಹಾಸಿಗೆಯ ಅಂಚು ಹಿಡಿಯುತ್ತಿದ್ದ. ಬೇರೇನೂ ಹೇಳದೆ, ಕೊನೆಗೆ ಸಾಕೆಂದು ಕೈ ಮಾಡಿ ಕಣ್ಣು ಮುಚ್ಚಿದ.

ಬಟ್ಟಲು ತೊಳೆಯುವ ಮುಂಚೆ ಸೂಜಿ ತಳಕ್ಕಂಟಿದ್ದನ್ನು ಬೆರಳಲ್ಲಿ ತೆಗೆದು ನಾಲಿಗೆಗೆ ಇಟ್ಟುಕೊಂಡಳು. ಬಾಯಿಗಿಡಲಾಗದಷ್ಟು ಉಪ್ಪಾಗಿತ್ತು.