ಅಕ್ಕನ ಕೈಯ ರೊಟ್ಟಿ

ನಮ್ಮ ಚರ್ಚಿನಲ್ಲಿ ಪಾಸ್ಟರು ಹತ್ತಿ ನಿಂತು ಬೋಧಿಸುವ ಪ್ರಸಂಗಪೀಠ ಮಾಡಿದ ಬಡಗಿ ನಾನೇ. ಮೂರು ಮೆಟ್ಟಿಲು, ಒಂದು ಮೊಳೆಯೂ ಹೊರಗೆ ಕಾಣುವುದಿಲ್ಲ. ಹತ್ತೊಂಬತ್ತು ವರ್ಷದಿಂದ ಪ್ರತಿ ಶನಿವಾರ ಅದರ ಧೂಳು ಒರೆಸುವವಳು ನನ್ನ ಅಕ್ಕ. ಒರೆಸಬಹುದು, ಹತ್ತಿ ಮಾತಾಡುವಂತಿಲ್ಲ! ದೈವಶಾಸ್ತ್ರ ಓದಿದವಳು, ಯಾರ ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಎಂದು ಎಲ್ಲರಿಗಿಂತ ಮೊದಲು ತಿಳಿಯುವವಳು, ಕೆಳಗೆ ನಿಂತು ಪ್ರಕಟಣೆ ಓದುತ್ತಾಳೆ. ಆರಾಧನೆಯಲ್ಲಿ ಹಂಚುವ ರೊಟ್ಟಿ ಮಾಡುವವಳೂ ಅವಳೇ, ಮುರಿದು ಕೊಡುವವರು ಮಾತ್ರ ಪಾಸ್ಟರು. ಹೋದ ತಿಂಗಳು ಅವಳಿಗೆ ಪಾಸ್ಟರ್ ದೀಕ್ಷೆ ಕೊಡಬೇಕೋ ಬೇಡವೋ ಎಂದು ಕಮಿಟಿಯಲ್ಲಿ ಕೈ ಎತ್ತಿಸಿದರು. ಪರ ಮೂರು, ವಿರೋಧ ನಾಲ್ಕು. "ರೊಟ್ಟಿ ಮಾಡೋಕೆ ಹೆಂಗಸು ಬೇಕು, ಮುರಿದು ಕೊಡೋಕೆ ಬೇಡ್ವೇನ್ರಯ್ಯ?" ಎಂದು ಮೇಜು ಗುದ್ದಿ ಎದ್ದು ಬಂದೆ. ಗುದ್ದಿದ್ದಕ್ಕೆ ನನ್ನ ಕೈ ಊದಿಕೊಂಡಿತು, ಅಷ್ಟೇ.

ಬುಧವಾರ ಹನ್ನೊಂದರ ಹೊತ್ತಿಗೆ ಅಮ್ಮನಿಗೆ ಉಸಿರು ಏರಿತು. ಡಾಕ್ಟರು ನೋಡಿ, ನನ್ನನ್ನು ಬಾಗಿಲಾಚೆ ಕರೆದು, "ಹೇಳಿ ಕಳಿಸೋರಿದ್ರೆ ಹೇಳಿ ಕಳಿಸಿಬಿಡಿ" ಎಂದರು. ಅಮ್ಮ ಕೇಳಿದ್ದು ಒಂದೇ. "ನಂಗೆ ಪ್ರಭುಭೋಜನ ಕೊಡಿಸ್ರೋ." ಯೇಸುವಿನ ಕಡೆಯ ಊಟದ ನೆನಪಿಗೆ ಒಂದು ಚೂರು ರೊಟ್ಟಿ, ಒಂದು ಗುಟುಕು ದ್ರಾಕ್ಷಾರಸ. ಆದರೆ ದೀಕ್ಷೆಯಾದ ಪಾಸ್ಟರೇ ಕೊಡಬೇಕು. ನಮ್ಮ ಪಾಸ್ಟರು ಬಂದು ಎರಡೇ ತಿಂಗಳು. ಅವತ್ತು ದೂರದ ಊರಲ್ಲಿ ಮದುವೆ ಮಾಡಿಸಲು ಹೋಗಿದ್ದರು. "ಈಗ್ಲೇ ಹೊರಡ್ತೀನಣ್ಣ, ಮೂರು ಗಂಟೆಯಾದ್ರೂ ಹಿಡಿಯುತ್ತೆ" ಎಂದರು ಫೋನಿನಲ್ಲಿ.

ರೊಟ್ಟಿ, ದ್ರಾಕ್ಷಾರಸ ಇಡುವ ಚರ್ಚಿನ ಕಪಾಟಿನ ಬೀಗದ ಕೈ ನನ್ನ ಜೇಬಿನಲ್ಲೇ ಇತ್ತು.

"ಅಕ್ಕಾ, ತರ್ತೀನಿ. ನೀನೇ ಕೊಡು."

"ಸುಮ್ನಿರೋ. ಗೊತ್ತಾದ್ರೆ ಸಂಡೇ ಸ್ಕೂಲಲ್ಲಿ ಪಾಠ ಮಾಡೋದನ್ನೂ ಬಿಡಿಸ್ತಾರೆ."

"ಬಿಡಿಸ್ಲಿ! ನಿಯಮ ನೋಡ್ಕೊಂಡು ಅಮ್ಮ ಕಾಯ್ತಾಳಾ?"

ಅಕ್ಕ ಅಮ್ಮನ ಎದೆ ಏರಿಳಿಯುವುದನ್ನು ನೋಡಿದಳು. ಆಮೇಲೆ, "ತಗೊಂಡ್ ಬಾ" ಎಂದಳು.

ನಾನು ತರುವಷ್ಟರಲ್ಲಿ ಸ್ಟೂಲಿನ ಮೇಲೆ ಒಗೆದ ಬಟ್ಟೆ ಹಾಸಿ, ತಲೆ ಬಾಚಿಕೊಂಡು, ಎರಡೆರಡು ಸಲ ಕೈ ತೊಳೆದು ನಿಂತಿದ್ದಳು. ಅಕ್ಕನ ಮುಖ ಅಷ್ಟು ಚೆಂದ ಇದ್ದದ್ದನ್ನು ನಾನು ನೋಡಿಯೇ ಇರಲಿಲ್ಲ. ನನಗೆ ಅಳು ಬಂತು.

ಅಮ್ಮ ಕಣ್ಣು ಬಿಟ್ಟಳು. "ಪಾಸ್ಟರು ಬಂದ್ರಾ?"

"ಇಲ್ಲಮ್ಮ. ನಾನೇ ಕೊಡ್ತೀನಿ" ಎಂದು ಅಕ್ಕ ಅವಳ ಕಿವಿಯ ಹತ್ತಿರ ಜೋರಾಗಿ ಹೇಳಿದಳು.

ಔಷಧಿ ಬೇಡವೆನ್ನುವ ಮಗುವಿನ ಹಾಗೆ ಅಮ್ಮ ತುಟಿ ಬಿಗಿದಳು. "ಬೇಡ ಕಣೇ ಮಗಳೇ. ನೀನು ಕೊಟ್ಟಿದ್ದು ಸಲ್ಲುತ್ತೋ ಇಲ್ವೋ. ಹೋಗೋ ಹೊತ್ತಲ್ಲಿ ಅನುಮಾನ ಇಟ್ಕೊಂಡು ಹೋಗೋಕೆ ಭಯ ಆಗುತ್ತೆ."

"ನಿನ್ನ ಹೇಲು ಉಚ್ಚೆ ಬಾಚೋಕೆ ಸಲ್ಲುತ್ತಾ ಆ ಕೈ?" ಎಂದು ನಾನು ಶುರು ಮಾಡಿದೆ. ಅಕ್ಕ ನನ್ನ ಮಣಿಕಟ್ಟು ಹಿಡಿದು ಒತ್ತಿದಳು. ಕಮಿಟಿಯ ನಾಲ್ಕು ಜನರನ್ನು ಬೈಯಬಹುದಿತ್ತು. ಸಾಯುತ್ತಿರುವ ಅಮ್ಮನನ್ನು ಏನೆಂದು ಬೈಯಲಿ? ಅಕ್ಕ ರೊಟ್ಟಿಯ ಮೇಲೆ ಬಟ್ಟೆ ಮುಚ್ಚಿ, ಗೋಡೆಗೊರಗಿ ಕೂತಳು.

ಮೂರೂಕಾಲಿಗೆ ಪಾಸ್ಟರು ಮದುವೆಯ ಕೋಟಿನಲ್ಲೇ ಬೆವರುತ್ತಾ ಓಡಿ ಬಂದರು. ಮಂಚದ ಪಕ್ಕ ನಿಂತು ಚೀಲದಿಂದ ಪುಸ್ತಕ ತೆಗೆದರು, ಬಿಡಿಸಿದರು, ಅವರ ಮುಖದ ಬಣ್ಣ ಇಳಿದುಹೋಯಿತು. ತಂದಿದ್ದು ಮದುವೆಯ ವಿಧಿಯ ಪುಸ್ತಕ.

"ರೋಗಿಗಳ ಪ್ರಾರ್ಥನೆ ನಂಗೆ ಬಾಯಿಗೆ ಬರಲ್ಲಕ್ಕಾ" ಎಂದು ಪಿಸುಗುಟ್ಟಿದರು.

ಅಕ್ಕ ಎದ್ದು ಅವರ ಬೆನ್ನ ಹಿಂದೆ ನಿಂತಳು. ಐದು ಪಾಸ್ಟರುಗಳ ಚೀಲ ಹೊತ್ತು ರೋಗಿಗಳ ಮನೆ ಸುತ್ತಿದವಳು. ಅವಳು ಒಂದೊಂದೇ ಸಾಲು ಮೆಲ್ಲಗೆ ಹೇಳಿದಳು, ಅವರು ಗಟ್ಟಿಯಾಗಿ ಹೇಳಿದರು. ಮಧ್ಯೆ ಅಮ್ಮನ ಮೊಣಕಾಲು ನೋವು, ಅಪ್ಪನ ಹೆಸರು, ಕೂಸಾಗಿದ್ದಾಗಲೇ ತೀರಿಹೋದ ನಮ್ಮ ತಂಗಿ, ಎಲ್ಲ ಬಂತು. ಯಾವ ಪುಸ್ತಕದಲ್ಲಿದೆ ಅದು? ಅಮ್ಮನ ಮಂದ ಕಿವಿಗೆ ಬಿದ್ದದ್ದು ಗಂಡಸಿನ ದನಿ ಮಾತ್ರ. ಅವಳು ಬಾಯಿ ತೆರೆದು ರೊಟ್ಟಿ ತೆಗೆದುಕೊಂಡಳು.

"ಎಷ್ಟು ಚೆನ್ನಾಗಿ ಹೇಳಿದ್ರಿ ಪಾಸ್ಟರೇ. ನಮ್ಮ ಮನೆಯೋರೇ ಯಾರೋ ಹೇಳಿದ ಹಾಗಿತ್ತು."

ಪಾಸ್ಟರು ಏನೋ ಹೇಳಲು ಬಾಯಿ ತೆರೆದರು. ಅಕ್ಕ ಬೇಡವೆಂದು ತಲೆ ಆಡಿಸಿದಳು.

"ಅವರಿಗೆ ಟೀ ಮಾಡ್ಕೊಡೇ, ದಣಿದು ಬಂದಿದ್ದಾರೆ" ಎಂದಳು ಅಮ್ಮ.

ಅಡುಗೆಮನೆಯಲ್ಲಿ ಅಕ್ಕ ನೀರಿಟ್ಟಳು. ನನಗೆ ತಡೆಯಲಾಗಲಿಲ್ಲ. "ಹೇಳೇಬಿಡ್ತೀನಿ ಅಮ್ಮಂಗೆ. ಅದೆಲ್ಲ ನಿನ್ನ ಮಾತು ಅಂತ."

"ಹೇಳಿದ್ರೆ ಮತ್ತೆ ಅನುಮಾನ ಬರುತ್ತಲ್ಲೋ ಅವಳಿಗೆ."

ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡು, "ಸಕ್ಕರೆ ಎಷ್ಟು, ಕೇಳ್ಕೊಂಡು ಬಾ" ಎಂದಳು.

ಹೇಳಿಯೇಬಿಡಬೇಕು ಎಂದುಕೊಂಡೇ ಕೋಣೆಗೆ ಹೋದೆ. ಅಮ್ಮ ಪಾಸ್ಟರ ಬೆರಳು ಹಿಡಿದುಕೊಂಡು ನಿದ್ದೆ ಹೋಗಿದ್ದಳು. ಮುಖದಲ್ಲಿ ಭಯದ ಸುಳಿವೇ ಇರಲಿಲ್ಲ.

"ಸಕ್ಕರೆ ಎಷ್ಟು?" ಎಂದು ಕೇಳಿದೆ.

"ಎರಡು ಚಮಚ" ಎಂದರು ಅವರು, ತಲೆ ಎತ್ತದೆ.

ಬಂದು ಅಕ್ಕನಿಗೆ, "ಎರಡು ಚಮಚ" ಎಂದೆ.