ಮುಚ್ಚಿದ ದಾರಿಗೆ ಸೊಪ್ಪು

ತಿಂಗಳ ಕಡೇ ದಿನ. ಕೋಟೆ ತಾಲ್ಲೂಕಿನ ಕಾಡಂಚಿನ ರೇಷನ್ ಸೊಸೈಟಿ ಮುಂದೆ ಆದಿವಾಸಿ ಹಾಡಿಯ ಜನ ಬೆಳಿಗ್ಗೆಯಿಂದ ಚೀಲ ಹಿಡಿದು ಕೂತಿದ್ದರು. ಸಂಜೆಯೊಳಗೆ ಹೆಬ್ಬೆಟ್ಟು ಒತ್ತದಿದ್ದರೆ ಈ ತಿಂಗಳ ಅಕ್ಕಿ ಹೋದ ಹಾಗೇ. ಆದರೆ ಹೆಬ್ಬೆಟ್ಟಿನ ಮೆಷಿನ್ನು 'ನೆಟ್‌ವರ್ಕ್ ಇಲ್ಲ' ಅನ್ನುವುದನ್ನು ಬಿಟ್ಟು ಬೇರೆ ಮಾತೇ ಆಡುತ್ತಿರಲಿಲ್ಲ.

ಗುಮಾಸ್ತೆ ಪ್ರೇಮಾ ಅದೇ ಹಾಡಿಯವಳು. ಹೊರಗೆ ಕೂತವರಲ್ಲಿ ಅವಳ ಅಪ್ಪ ಜೋಗಯ್ಯನೂ ಇದ್ದ, ಪಕ್ಕದ ಮನೆ ಚೆನ್ನಜ್ಜಿಯೂ ಇದ್ದಳು. ಅಜ್ಜಿಗೆ ಹಿಂದೆ ಮುಂದೆ ಯಾರೂ ಇಲ್ಲ. ಅಕ್ಕಿ ತಪ್ಪಿದರೆ ಕಂಡವರ ಬಾಗಿಲೇ ಗತಿ. ಅದನ್ನು ನೆನೆದು ಪ್ರೇಮಾ ಮಧ್ಯಾಹ್ನದ ಮುದ್ದೆಯನ್ನೂ ಮುಟ್ಟಿರಲಿಲ್ಲ.

ಏನಾಗಿದೆ ಅಂತ ಅವಳಿಗೆ ಗೊತ್ತಿತ್ತು. ಸೊಸೈಟಿಗೆ ಇಂಟರ್‌ನೆಟ್ ಬರುವುದು ಎರಡು ದಾರಿಯಲ್ಲಿ: ಒಂದು ಫೈಬರ್ ಲೈನು, ಇನ್ನೊಂದು ಮಾಳಿಗೆಯ ಆಂಟೆನಾಕ್ಕೆ ಸೇರಿದ ಸಿಮ್ಮು. ಯಾವ ದಾರಿ ಹಿಡಿಯಬೇಕೆಂದು ತೀರ್ಮಾನಿಸುವುದು ಗಾಜಿನ ಬೀರುವಿನೊಳಗಿನ ಗೇಟ್‌ವೇ ಪೆಟ್ಟಿಗೆ. ರಸ್ತೆ ಅಗೆಯುವ ಜೆಸಿಬಿ ನಾಲ್ಕು ಮೈಲಿ ಆಚೆ ಫೈಬರನ್ನು ಕತ್ತರಿಸಿತ್ತು. ಬೀರುವಿನೊಳಗಿನ ಮೊಳದುದ್ದದ ವೈರು ಮಾತ್ರ ಸರಿಯಿದ್ದುದರಿಂದ ಪೆಟ್ಟಿಗೆ ಹಸಿರು ದೀಪ ಹತ್ತಿಸಿಕೊಂಡು, ಪಾಪ, ಎಲ್ಲವನ್ನೂ ಆ ಸತ್ತ ದಾರಿಗೇ ಕಳಿಸುತ್ತಿತ್ತು. ವೈರು ಕಿತ್ತರೆ ತಾನಾಗಿ ಸಿಮ್ಮಿಗೆ ತಿರುಗುತ್ತದೆ. ಆದರೆ ಬೀರುವಿನ ಬೀಗದ ಕೈ ಸೆಕ್ರೆಟರಿ ವೀರಭದ್ರಸ್ವಾಮಿಯವರ ಸೊಂಟದಲ್ಲಿ, ಅವರು ಮಿರ್ಲೆಯ ಮದುವೆಯಲ್ಲಿ.

ಅಂಗಳದ ಮೂಲೆಯಲ್ಲಿ ಸಿಗುವ ಒಂದು ಕಡ್ಡಿ ಸಿಗ್ನಲ್ಲಿನಲ್ಲಿ ಅವರಿಗೆ ಫೋನ್ ಮಾಡಿದಳು. ಕಂಪ್ಯೂಟರಿನಿಂದಲೇ ಸರಿಮಾಡಲೇ ಎಂದು ಕೇಳಿದಳು.

"ಅದ್ನ ಮುಟ್ಬ್ಯಾಡ ಕಣಮ್ಮ. ಎಂಜಿನಿಯರು ಸುನೀಲ್ಕುಮಾರ್ ನಾಳೆ ಬತ್ತಾರೆ, ಬುಡು. ಕೆಟ್ಟೋದ್ರೆ ನಿನ್ ಕೆಲಸ ಉಳಿಯಾಕಿಲ್ಲ."

"ನಾಳೆಗೆ ತಿಂಗಳೇ ಮುಗ್ದೋಯ್ತದಲ್ಲ ಸಾರ್" ಅನ್ನುವಷ್ಟರಲ್ಲಿ ಫೋನು ಕಟ್ಟಾಯಿತು.

ಜೋಗಯ್ಯ ಬೀಡಿ ಆರಿಸಿ ಹತ್ತಿರ ಬಂದ. "ಏನವ್ವಾ, ದಾರಿ ಇಲ್ವಾ ಅದಕ್ಕೆ?"

"ಎರಡೈತೆ ಅಪ್ಪ. ಮುಚ್ಚೋಗಿರೋ ದಾರೀಲೇ ಓಯ್ತಾ ಐತೆ."

"ಯಾರೂ ಸೊಪ್ಪು ಆಕಿಲ್ವಾ?"

ಹಾಡಿಯ ಪದ್ಧತಿ ಅದು. ಕಾಡುದಾರಿಯಲ್ಲಿ ಆನೆ ನಿಂತಿದ್ದರೆ, ಮೊದಲು ಕಂಡವರು ಹಸಿಸೊಪ್ಪು ಮುರಿದು ದಾರಿಗೆ ಅಡ್ಡ ಹಾಕಿ ಬರುತ್ತಾರೆ. ಹಿಂದೆ ಬಂದವರು ಅದನ್ನು ಕಂಡು ಬಳಸುದಾರಿ ಹಿಡಿಯುತ್ತಾರೆ. ಆನೆ ಹೋದ ಮೇಲೆ ಸೊಪ್ಪು ಹಾಕಿದವರೇ ಹೋಗಿ, ಕಣ್ಣಾರೆ ನೋಡಿ ತೆಗೆಯಬೇಕು. ಬೇರೆಯವರು ಮುಟ್ಟುವ ಹಾಗಿಲ್ಲ.

ಪ್ರೇಮಾ ಒಳಗೆ ಹೋಗಿ ಕಂಪ್ಯೂಟರಿನ ಮುಂದೆ ಕೂತಳು. ಪೆಟ್ಟಿಗೆ ಕೂರಿಸಿದ ದಿನ ಸುನೀಲ್ಕುಮಾರ್ ಹೇಳಿದ್ದನ್ನೆಲ್ಲ, ಪಾಸ್‌ವರ್ಡ್ ಸಮೇತ, ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದಳು. ಸೆಟ್ಟಿಂಗ್ ತೆರೆಯಿತು. ಎರಡು ದಾರಿಗೂ ಒಂದೊಂದು ನಂಬರು. ಸಣ್ಣ ನಂಬರಿಗೆ ಮೊದಲ ಮರ್ಯಾದೆ. ಫೈಬರಿಗೆ ಒಂದು, ಸಿಮ್ಮಿಗೆ ಹತ್ತು. ಫೈಬರನ್ನೇ ಅಳಿಸಿಬಿಡೋಣ ಅಂದುಕೊಂಡವಳು ತಡೆದಳು. ಆನೆ ನಿಂತಿದೆಯೆಂದು ದಾರಿಯನ್ನೇ ಯಾರಾದರೂ ಅಗೆದು ಹಾಕುತ್ತಾರೆಯೇ? ಫೈಬರಿನ ಒಂದನ್ನು ನೂರು ಮಾಡಿದಳು.

'ಸಂಪರ್ಕ ಕಡಿದುಹೋಗಬಹುದು. ಮುಂದುವರಿಸಬೇಕೆ?' ಎಂದು ಪರದೆ ಕೇಳಿತು.

ಈ ಗುಮಾಸ್ತೆ ಕೆಲಸಕ್ಕೆ ಅವಳು ಎರಡು ವರ್ಷ ಅಲೆದಿದ್ದಳು. ಬಾಗಿಲಾಚೆ ಚೆನ್ನಜ್ಜಿ ಖಾಲಿ ಚೀಲವನ್ನು ಮಡಚಿ ಮಡಚಿ ಇಡುತ್ತಿದ್ದಳು. ಪ್ರೇಮಾ ಒತ್ತಿಯೇಬಿಟ್ಟಳು.

ಮೆಷಿನ್ನು ಒಂದು ನಿಮಿಷ ಸತ್ತಂತಿದ್ದು ಆಮೇಲೆ ಜೀವ ಬಂದು ಕೂಗಿತು. ಅಜ್ಜಿಯ ಸವೆದ ಹೆಬ್ಬೆಟ್ಟು ನಾಲ್ಕನೇ ಸಲಕ್ಕೆ ಬಿತ್ತು. ಸಂಜೆ ಆರಕ್ಕೆ ಅಂಗಳದಲ್ಲಿ ಖಾಲಿ ಚೀಲ ಒಂದೂ ಇರಲಿಲ್ಲ.

ಮಾರನೇ ದಿನ ಸೆಕ್ರೆಟರಿ, ಎಂಜಿನಿಯರು ಇಬ್ಬರೂ ಬಂದರು. ಸುನೀಲ್ಕುಮಾರ್ ಪರದೆ ನೋಡಿ, "ಇದನ್ನ ನೂರು ಮಾಡಿದ್ದು ಯಾರು?" ಅಂದ.

"ನಾನೇ ಸಾರ್." ವೀರಭದ್ರಸ್ವಾಮಿಯವರ ಮುಖ ಕೆಂಪಾಯಿತು.

"ಸರಿಯಾಗೇ ಮಾಡಿದ್ದೀರ. ಫೈಬರ್ ರಿಪೇರಿ ಆಯ್ತಂತೆ, ನೂರನ್ನ ಮತ್ತೆ ಒಂದಕ್ಕೆ ಇಳಿಸ್ತೀನಿ" ಅಂದ ಸುನೀಲ್ಕುಮಾರ್.

"ಇರಿ ಸಾರ್. ಸೊಪ್ಪು ಹಾಕಿದವರೇ ತೆಗೀಬೇಕು."

"ಹಸಿರು ದೀಪ ಉರೀತಾ ಇದೆಯಲ್ಲ?"

"ನಿನ್ನೇನೂ ಉರೀತಿತ್ತು ಸಾರ್." ಅವಳು ಫೈಬರ್ ದಾರಿಯೊಂದರಲ್ಲೇ ಪರೀಕ್ಷೆಗೆ ಒಂದು ಸಂದೇಶ ಕಳಿಸಿ ನೋಡಿದಳು. ಉತ್ತರ ಬರಲಿಲ್ಲ. ಮತ್ತೆ ಕಳಿಸಿದಳು. ಇಲ್ಲ.

"ಆನೆ ಇನ್ನೂ ಅಲ್ಲೇ ಐತೆ ಸಾರ್."

ವೀರಭದ್ರಸ್ವಾಮಿ ಗಾಬರಿಯಾಗಿ ಕಿಟಕಿಯಾಚೆ ನೋಡಿದರು. ಪ್ರೇಮಾ ಸೊಪ್ಪಿನ ವಿಷಯ ಹೇಳಿದಳು. ಅವರು ಪೂರಾ ಕೇಳಿಸಿಕೊಂಡರು. ಸೊಂಟದಿಂದ ಬೀರುವಿನ ಬೀಗದ ಕೈ ಬಿಚ್ಚಿ ಅವಳ ಮೇಜಿನ ಮೇಲಿಟ್ಟರು.

"ಆನೆ ಹೋದ್ಮೇಲೆ ಸೊಪ್ಪು ನೀನೇ ತೆಗಿಯವ್ವ" ಅಂದರು.